ತೋಟದ ಜೀಪು ಮತ್ತೆ ರಸ್ತೆಗೆ: ಟೈರಿಗಿಂತ ಮೊದಲು ಕಾಗದ

ಬೆಳ್ತಂಗಡಿ ಕಡೆ ನಮ್ಮ ಮಾವನ ತೋಟದಲ್ಲಿ ಒಂದು ಮಹೀಂದ್ರ ಎಂಎಂ 540 ಜೀಪು ಇತ್ತು. 1995ರ ಗಾಡಿ. ಗೊಬ್ಬರ, ಅಡಿಕೆ ಗೊನೆ, ಹಟ್ಟಿಗೆ ಸೊಪ್ಪು ಹೇರಿಕೊಂಡು ಗುಡ್ಡೆ ಹತ್ತಿ ಇಳಿಯುವುದೇ ಅದರ ಕೆಲಸ. ವರ್ಷಗಟ್ಟಲೆ ತೋಟದ ಗೇಟು ದಾಟಿರಲಿಲ್ಲ. ಮಾವ ಅದನ್ನು ನನಗೆ ಕೊಟ್ಟರು. ಮಂಗಳೂರಿಗೆ ತಂದು ಕಾನೂನು ಪ್ರಕಾರ ಓಡಿಸುವ ಹಾಗೆ ಮಾಡಲು ಏಳು ತಿಂಗಳು ಹಿಡಿಯಿತು. ಗ್ಯಾರೇಜಿನ ಕೆಲಸಕ್ಕೆ ಹೋದದ್ದು ಎರಡೇ ತಿಂಗಳು. ಉಳಿದ ಐದು ತಿಂಗಳು ಕಾಗದಕ್ಕೇ ಹೋಯಿತು, ಯಾಕೆಂದರೆ ನಾನು ಮೊದಲು ಟೈರು, ಬಂಪರ್ ನೋಡಿದೆ, ಆರ್‌ಸಿಯನ್ನು, ಅಂದರೆ ನೋಂದಣಿ ಪತ್ರವನ್ನು, ಆಮೇಲೆ ನೋಡಿದೆ. ಕ್ರಮ ಉಲ್ಟಾ ಆಗಿದ್ದರೆ ಹಣವೂ ಉಳಿಯುತ್ತಿತ್ತು, ಸಮಯವೂ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಈಗ ಮಣ್ಣಿನ ದಾರಿಯ ಗಾಡಿಗಳ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಕಾರ್ಕಳದಲ್ಲಿ, ಮೂಡುಬಿದಿರೆಯಲ್ಲಿ ಹಳೇ ಜೀಪು ಹುಡುಕಿಕೊಂಡು ತೋಟ ತೋಟ ತಿರುಗುವ ಹುಡುಗರಿದ್ದಾರೆ. ಅವರೆಲ್ಲ ಕೇಳುವುದು ಒಂದೇ: "ಇದನ್ನು ರೋಡಿಗೆ ಇಳಿಸಬಹುದಾ?" ಯೂಟ್ಯೂಬಿನಲ್ಲಿ ಅಮೆರಿಕದವರು ಡರ್ಟ್ ಬೈಕಿಗೆ ಲೈಟು, ಹಾರ್ನು, ಕನ್ನಡಿ ಕೂರಿಸಿ ನಂಬರ್ ಪ್ಲೇಟ್ ತೆಗೆದುಕೊಳ್ಳುವ ವಿಡಿಯೋಗಳಿವೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಅದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ ಎನ್ನುವುದು ಕಾರ್ಖಾನೆಯಲ್ಲೇ ತೀರ್ಮಾನ ಆಗಿರುತ್ತದೆ. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಗಾಡಿಯ ಹುಟ್ಟು ತಿಳಿದುಕೊಳ್ಳಬೇಕು.

ಮೊದಲ ಹೆಜ್ಜೆ: ಗಾಡಿ ಎಲ್ಲಿಂದ ಬಂತು?

ಭಾರತದಲ್ಲಿ ಹೊಸ ಮಾದರಿಯ ಯಾವ ಗಾಡಿಯಾದರೂ ಮೊದಲು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥವು. ಬ್ರೇಕು, ಲೈಟು, ಹೊಗೆ, ಸದ್ದು ಎಲ್ಲ ನೋಡಿ ಅವರು ಕೊಡುವ ಒಪ್ಪಿಗೆಗೆ ಟೈಪ್ ಅಪ್ರೂವಲ್ ಅನ್ನುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೇ ನಿಯಮ ಇದಕ್ಕೇ ಇರುವುದು. ಈ ಒಪ್ಪಿಗೆ ಇದ್ದರೆ ಮಾತ್ರ ಡೀಲರ್ ನಿಮಗೆ ಫಾರ್ಮ್ 21ರಲ್ಲಿ ಮಾರಾಟ ಪತ್ರ, ಫಾರ್ಮ್ 22ರಲ್ಲಿ ರಸ್ತೆ ಯೋಗ್ಯತೆಯ ಪತ್ರ ಕೊಡಬಹುದು. ಇವೆರಡೂ ಇಲ್ಲದೆ ಆರ್‌ಟಿಓದಲ್ಲಿ ಹೊಸ ನೋಂದಣಿಯ ಅರ್ಜಿಯೇ ಮುಂದೆ ಹೋಗುವುದಿಲ್ಲ.

ಈಗ ಕವಾಸಕಿಯ ಕೆಎಕ್ಸ್ 250, ಕೆಎಕ್ಸ್ 450 ಬೈಕುಗಳನ್ನು ನೋಡಿ. ಇವು ಭಾರತದಲ್ಲಿ ಶೋರೂಮಿನಲ್ಲೇ ಸಿಗುತ್ತವೆ, ಬಿಲ್ಲೂ ಕೊಡುತ್ತಾರೆ. ಆದರೆ ಇವು ಮೋಟೋಕ್ರಾಸ್ ಟ್ರ್ಯಾಕಿಗೆ ಮಾತ್ರ ಮಾಡಿದ ಬೈಕುಗಳು. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಟೈಪ್ ಅಪ್ರೂವಲ್ಲೂ ಇಲ್ಲ. ನೀವು ಹೊರಗಿನಿಂದ ಲೈಟು, ಹಾರ್ನು ಕೂರಿಸಿದರೂ ಆ ಒಪ್ಪಿಗೆ ಬರುವುದಿಲ್ಲ. ಎಬಿಎಸ್, ಬಿಎಸ್ 6 ಹೊಗೆ ಮಿತಿ ಇವನ್ನೆಲ್ಲ ಒಬ್ಬರ ಗ್ಯಾರೇಜಿನಲ್ಲಿ ಸಾಧಿಸಿ, ಪರೀಕ್ಷಾ ಸಂಸ್ಥೆಯಿಂದ ಪಾಸು ಮಾಡಿಸುವುದು ಆಗುವ ಮಾತಲ್ಲ. ಇಂಥ ಬೈಕು ನಿಮ್ಮಲ್ಲಿದ್ದರೆ ಪಿಕಪ್ಪಿನಲ್ಲಿ ಹೇರಿಕೊಂಡು ಟ್ರ್ಯಾಕಿಗೆ ಹೋಗಿ, ಖುಷಿಯಾಗಿ ಓಡಿಸಿ. ರಸ್ತೆಯಲ್ಲೂ ಮಣ್ಣಿನಲ್ಲೂ ಓಡಬೇಕು ಅಂತಿದ್ದರೆ ಹೀರೋ ಎಕ್ಸ್‌ಪಲ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2025ರಲ್ಲಿ ಬಂದ ಕೆಟಿಎಂ 390 ಎಂಡ್ಯೂರೋ ಆರ್ ಇವೆ. ಇವು ಮೊದಲ ದಿನದಿಂದಲೇ ನಂಬರ್ ಪ್ಲೇಟಿನ ಬೈಕುಗಳು.

ಮಲ್ಪೆ ಬೀಚಿನಲ್ಲಿ ಪ್ರವಾಸಿಗರು ಓಡಿಸುವ ನಾಲ್ಕು ಚಕ್ರದ ಎಟಿವಿಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಸಾಮಾನ್ಯ ಎಟಿವಿಗೆ ರಸ್ತೆ ನೋಂದಣಿ ಸಿಗುವುದಿಲ್ಲ. ಪೊಲಾರಿಸ್ ಕಂಪನಿ ಸ್ಪೋರ್ಟ್ಸ್‌ಮನ್ 570 ಎಂಬ ಮಾದರಿಯನ್ನು ಟ್ರ್ಯಾಕ್ಟರ್ ಎಂದು ಪಾಸು ಮಾಡಿಸಿ ತಂದದ್ದುಂಟು. ಅದು ಕಂಪನಿ ಮಾಡಿಸಿದ ಕೆಲಸ. ಬೇರೆ ಎಟಿವಿ ಕೊಂಡು ನಾವೇ ಅದನ್ನು ಟ್ರ್ಯಾಕ್ಟರ್ ಮಾಡಿಸಲು ಆಗುವುದಿಲ್ಲ. ಪೈಪು ಬೆಸುಗೆ ಹಾಕಿ ಮಾರುತಿ 800ರ ಎಂಜಿನ್ ಕೂರಿಸಿದ ಬಗ್ಗಿಗಳಿಗೂ ಇದೇ ಉತ್ತರ. ಕಾಲೇಜು ಹುಡುಗರು ಚಂದ ಮಾಡಿ ಕಟ್ಟುತ್ತಾರೆ. ಅದು ಕ್ಯಾಂಪಸ್ಸಿನೊಳಗೆ, ಸ್ಪರ್ಧೆಯ ಮೈದಾನದೊಳಗೆ ಓಡಲಿ.

ಹಾಗಾದರೆ ಯಾವುದನ್ನು ತರಬಹುದು? ಎರಡು ಬಗೆಯ ಗಾಡಿಗಳನ್ನು ತರಬಹುದು. ಒಂದು, ಹಿಂದೆ ನಂಬರ್ ಪ್ಲೇಟ್ ಇದ್ದು, ಅವಧಿ ಮುಗಿದು, ತೋಟದಲ್ಲೋ ಶೆಡ್ಡಿನಲ್ಲೋ ನಿಂತ ಜೀಪು, ಜಿಪ್ಸಿ, ಹಳೇ ಥಾರ್. ಇನ್ನೊಂದು, ಸೇನೆಯಿಂದ ಹರಾಜಾದ ಡಿಸ್ಪೋಸಲ್ ಗಾಡಿ.

ಡಿಸ್ಪೋಸಲ್ ಗಾಡಿ ಕೊಳ್ಳುವ ಮೊದಲು

ಜಬಲ್ಪುರದ ಕಾರ್ಖಾನೆಯ ಜೋಂಗಾ, ಸೇನೆಯ ಮಾರುತಿ ಜಿಪ್ಸಿ. ಇವಕ್ಕೆ ನಮ್ಮ ಊರಿನಲ್ಲಿ ಬೇಡಿಕೆ ಉಂಟು. ಸೇನೆಯ ಹಳೇ ಗಾಡಿಗೆ ನೋಂದಣಿ ಮಾಡಿಸಲು ನಿಯಮದಲ್ಲೇ ದಾರಿ ಇದೆ. ಸೇನೆಯ ಅಧಿಕಾರಿಗಳು ಕೊಟ್ಟ ಫಾರ್ಮ್ 21ರ ಮೂಲ ಪ್ರತಿ ಬೇಕು. ಜೆರಾಕ್ಸ್ ಸಾಲದು. ಹರಾಜಿನಲ್ಲಿ ತೆಗೆದುಕೊಂಡವರು ಒಬ್ಬರು, ಅವರಿಂದ ಕೊಂಡವರು ಇನ್ನೊಬ್ಬರು, ಮಾರುತ್ತಿರುವವರು ಮೂರನೆಯವರು ಆಗಿದ್ದರೆ, ಆ ಮೂರೂ ಕೈಬದಲಿಗೆ ಕಾಗದ ಇರಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ಮುಖ್ಯ ವಿಷಯ. ಹರಾಜಿನಲ್ಲಿ ಕೆಲವು ಗಾಡಿಗಳನ್ನು ಓಡುವ ಗಾಡಿ ಎಂದು ಮಾರುತ್ತಾರೆ, ಕೆಲವನ್ನು ಗುಜರಿ ಎಂದು ಮಾರುತ್ತಾರೆ. ಗುಜರಿ ಎಂದು ಮಾರಿದ್ದು ಎಷ್ಟು ಚೆನ್ನಾಗಿ ಓಡಿದರೂ ನೋಂದಣಿ ಆಗುವುದಿಲ್ಲ. ಕಾಗದದಲ್ಲಿ ಆ ಪದ ಇದೆಯಾ ಎಂದು ಹುಡುಕಿ ನೋಡಿ, ಆಮೇಲೆ ಮುಂಗಡ ಕೊಡಿ.

ಮತ್ತೆ ಬಣ್ಣ. ಡಿಸ್ಪೋಸಲ್ ಗಾಡಿಯ ಅಂದವೇ ಆ ಸೇನೆಯ ಹಸಿರು ಎಂದು ಹಾಗೇ ಇಟ್ಟುಕೊಳ್ಳುವವರಿದ್ದಾರೆ. ಅದು ಬೇಡ. 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬಣ್ಣ ಬದಲಾಯಿಸಿ, ಆಮೇಲೆ ಆರ್‌ಟಿಓಗೆ ಒಯ್ಯಿರಿ.

ಎರಡನೇ ಹೆಜ್ಜೆ: ಚಾಸಿ ನಂಬರ್

ನನ್ನ ಅನುಭವದಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಚಾಸಿ ಎಂದರೆ ಗಾಡಿಯ ಅಡಿಯ ಚೌಕಟ್ಟು. ಅದರ ಕಬ್ಬಿಣದ ಮೇಲೆ ಕೊರೆದ ನಂಬರ್, ಆರ್‌ಸಿಯಲ್ಲಿ ಬರೆದ ನಂಬರ್, ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿರುವ ನಂಬರ್, ಮೂರೂ ಒಂದೇ ಇರಬೇಕು. ಅಕ್ಷರ ಅಕ್ಷರ ಹೊಂದಬೇಕು.

ನಮ್ಮ ಕರಾವಳಿಯಲ್ಲಿ ಇದು ಬೇರೆ ಊರಿನಷ್ಟು ಸುಲಭ ಅಲ್ಲ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ತೋಟದ ಕೆಸರು. ಇಪ್ಪತ್ತು ಮೂವತ್ತು ವರ್ಷದ ಚಾಸಿಯಲ್ಲಿ ತುಕ್ಕು ಪದರ ಪದರವಾಗಿ ಕೂತಿರುತ್ತದೆ, ಅದರ ಮೇಲೆ ಯಾರೋ ಕಪ್ಪು ಬಣ್ಣ ಬಳಿದಿರುತ್ತಾರೆ. ನಂಬರ್ ಕಾಣುವುದೇ ಇಲ್ಲ. ಆಗ ಗ್ರೈಂಡರ್ ಹಿಡಿಯಬೇಡಿ. ಸ್ಯಾಂಡ್ ಬ್ಲಾಸ್ಟಿಂಗಿಗೂ ಕೊಡಬೇಡಿ. ಆ ಜಾಗಕ್ಕೆ ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹಿತ್ತಾಳೆಯ ಬ್ರಷ್ಷಿನಲ್ಲಿ ನಿಧಾನವಾಗಿ ಉಜ್ಜಿ. ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಲಾಗಿ ಹಿಡಿದು ಗೀಚಿ. ಅಂಕಿಗಳು ಬಿಳಿಯಾಗಿ ಎದ್ದು ಬರುತ್ತವೆ. ಇದನ್ನೇ ಪೆನ್ಸಿಲ್ ಪ್ರಿಂಟ್ ಅನ್ನುವುದು. ಹೇಗೂ ಆರ್‌ಟಿಓ ಅರ್ಜಿಗೆ ಇದು ಬೇಕಾಗುತ್ತದೆ, ನಾಲ್ಕೈದು ತೆಗೆದಿಟ್ಟುಕೊಳ್ಳಿ.

ನಮ್ಮ ಜೀಪಿನಲ್ಲಿ ಕೊನೆಯ ಎರಡು ಅಂಕಿ ತುಕ್ಕಿಗೆ ಅರ್ಧ ತಿಂದುಹೋಗಿತ್ತು. ಗ್ಯಾರೇಜಿನ ಹುಡುಗ, "ಅಣ್ಣಾ, ಪಂಚ್ ಇದೆ, ಐದು ನಿಮಿಷದಲ್ಲಿ ಹೊಡೆದು ಕೊಡ್ತೇನೆ" ಎಂದ. ಅವನು ಸಹಾಯ ಮಾಡಲೆಂದೇ ಹೇಳಿದ್ದು. ಆದರೆ ಅನುಮತಿ ಇಲ್ಲದೆ ಚಾಸಿ ನಂಬರ್ ಮುಟ್ಟಿದರೆ ಅದು ಕಳ್ಳ ಗಾಡಿಯ ಲಕ್ಷಣ. ನಾಳೆ ನೀವು ಮಾರುವಾಗ, ವಿಮೆ ಕೇಳುವಾಗ, ಪೊಲೀಸರು ನಿಲ್ಲಿಸಿದಾಗ ಉತ್ತರ ಇರುವುದಿಲ್ಲ. ಆರ್‌ಟಿಓಗೆ ಬರೆದುಕೊಟ್ಟು, ಇನ್ಸ್‌ಪೆಕ್ಟರ್ ಬಂದು ನೋಡಿ, ಅವರ ಆದೇಶದ ಮೇಲೆಯೇ ಮರುಕೊರೆತ ಮಾಡಿಸಬೇಕು. ನಾವು ಹಾಗೇ ಮಾಡಿದೆವು. ತಡ ಆಯಿತು, ಆದರೆ ಈಗ ಯಾರು ಬಗ್ಗಿ ನೋಡಿದರೂ ಹೆದರಿಕೆ ಇಲ್ಲ.

ಮೂರನೇ ಹೆಜ್ಜೆ: ದಾಖಲೆಯಲ್ಲಿ ಗಾಡಿ ಇದೆಯಾ?

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ನೋಂದಣಿ ಎಲ್ಲಿಯವರೆಗೆ, ಇಂಧನ ಯಾವುದು, ವಿಮೆ ಎಂದಿಗೆ ಮುಗಿಯಿತು, ಗಾಡಿ ಕಪ್ಪುಪಟ್ಟಿಯಲ್ಲಿದೆಯಾ ಎಲ್ಲ ಗೊತ್ತಾಗುತ್ತದೆ. ಏನೂ ಬರದಿದ್ದರೆ ಗಾಬರಿ ಬೇಡ. ಹಳೇ ಪುಸ್ತಕದ ಆರ್‌ಸಿಯ ಕಾಲದ ಗಾಡಿಗಳ ವಿವರ ಕಂಪ್ಯೂಟರಿಗೆ ಹತ್ತಿರದೆ ಇರಬಹುದು. ನೋಂದಣಿಯಾದ ಕಚೇರಿಗೆ ಮೂಲ ಆರ್‌ಸಿ ತೆಗೆದುಕೊಂಡು ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ ಎಂದು ಕೇಳಿ. ಮಂಗಳೂರು ಕೆಎ 19, ಉಡುಪಿ ಕೆಎ 20, ಪುತ್ತೂರು ಕೆಎ 21, ಬಂಟ್ವಾಳ ಕೆಎ 70. ತಾಲೂಕು ಈಗ ಬೇರೆ ಕಚೇರಿಗೆ ಸೇರಿದ್ದರೂ ಹಳೇ ಫೈಲು ಇರುವುದು ಮೊದಲು ನೋಂದಾಯಿಸಿದಲ್ಲೇ.

ನೋಂದಣಿ ರದ್ದು ಎಂದು ಬಂದರೆ ಆ ಗಾಡಿಯ ಆಸೆ ಬಿಡಿ. ಅವಧಿ ಮುಗಿದದ್ದು ಬೇರೆ, ರದ್ದಾದದ್ದು ಬೇರೆ. ಅವಧಿ ಮುಗಿದದ್ದನ್ನು ನವೀಕರಿಸಬಹುದು.

ಆರ್‌ಸಿಯಲ್ಲಿ ಸಾಲದ ಬ್ಯಾಂಕಿನ ಹೆಸರಿದ್ದರೆ ಅದನ್ನೂ ತೆಗೆಸಬೇಕು. ನಮ್ಮ ಊರಿನ ಹಳೇ ಜೀಪುಗಳಲ್ಲಿ ಇದೊಂದು ಗೋಜಲು. ಸಾಲ ಯಾವತ್ತೋ ತೀರಿದೆ, ಆದರೆ ಹೆಸರು ಹಾಗೇ ಇದೆ, ಮತ್ತು ಆ ಬ್ಯಾಂಕೇ ಈಗ ಇಲ್ಲ! ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಲ ಕೊಟ್ಟ ಶಾಖೆ ಈಗ ಯಾವ ಬ್ಯಾಂಕಿನದ್ದೋ ಅಲ್ಲಿಗೆ ಹೋಗಿ. ಸಾಲ ತೀರಿದ ಪತ್ರ ಬೇಕು, ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35ಕ್ಕೆ ಅವರ ಸಹಿ, ಸೀಲು ಎರಡೂ ಬೇಕು. ಹಳೇ ಪಾಸ್‌ಬುಕ್ಕೋ ರಸೀದಿಯೋ ಮನೆಯ ಪೆಟ್ಟಿಗೆಯಲ್ಲಿದ್ದರೆ ಒಯ್ಯಿರಿ, ಅವರಿಗೆ ಹುಡುಕಲು ಅನುಕೂಲ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಆರ್‌ಸಿ ಮಾಲೀಕರು ತೀರಿಕೊಂಡಿದ್ದರೆ ಫಾರ್ಮ್ 31, ಮರಣ ಪತ್ರ, ವಾರಸುದಾರರ ಒಪ್ಪಿಗೆ. ಆಸ್ತಿ ಪಾಲಾಗದ ಮನೆಗಳಲ್ಲಿ ಈ ಸಹಿಗಳಿಗೇ ತಿಂಗಳು ಹೋಗುತ್ತದೆ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಅಣ್ಣತಮ್ಮಂದಿರು ಊರಿಗೆ ಬಂದಾಗ, ನೇಮ ಕೋಲದ ಹೊತ್ತಿಗೆ, ಕೂರಿಸಿ ಸಹಿ ಹಾಕಿಸಿಕೊಳ್ಳಿ.

ಹಣದ ಲೆಕ್ಕ ವ್ಯಾಪಾರಕ್ಕೆ ಮೊದಲೇ

15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ಒಮ್ಮೆಗೆ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ಕೇಂದ್ರ ನಿಗದಿ ಮಾಡಿದ ಶುಲ್ಕ ಕಾರು, ಜೀಪಿಗೆ 5,000 ರೂಪಾಯಿ, ಬೈಕಿಗೆ 1,000. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ ಇದನ್ನು ಎರಡರಷ್ಟು ಮಾಡಿದರು: ಜೀಪಿಗೆ 10,000, ಬೈಕಿಗೆ 2,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನಂಬರ್ ಪ್ಲೇಟು, ವಿಮೆ.

ಹೆಚ್ಚಿನವರಿಗೆ ಹೊಡೆತ ಕೊಡುವುದು ತಡವಾದ ಶುಲ್ಕ. ಬೈಕಿಗೆ ತಿಂಗಳಿಗೆ 300, ಉಳಿದ ಖಾಸಗಿ ಗಾಡಿಗಳಿಗೆ ತಿಂಗಳಿಗೆ 500. ಐದು ವರ್ಷ ಬಾಕಿ ಎಂದರೆ 30,000 ರೂಪಾಯಿ. ಅದಕ್ಕೇ ಮಾರುವವರ ಜೊತೆ ಬೆಲೆ ಮಾತಾಡುವ ಮೊದಲು ಆರ್‌ಟಿಓ ಕೌಂಟರಿನಲ್ಲಿ ಆ ನಂಬರಿನ ಮೇಲೆ ಒಟ್ಟು ಎಷ್ಟು ಬಾಕಿ ಎಂದು ಕೇಳಿ, ಬರೆದುಕೊಂಡು ಬನ್ನಿ. ಆ ಮೊತ್ತ ಗಾಡಿಯ ಬೆಲೆಯಲ್ಲಿ ಕಡಿಮೆಯಾಗಬೇಕು. ಕೇಳಲು ಸಂಕೋಚ ಬೇಡ.

ಅರ್ಧ ದುಡ್ಡಿಗೆ ಎಲ್ಲ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರು ಸಿಗುತ್ತಾರೆ. ನಾನೂ ಒಬ್ಬರಿಗೆ ಮುಂಗಡ ಕೊಟ್ಟು ಆರು ವಾರ ಕಾದೆ. ಫೈಲು ಕದಲಲಿಲ್ಲ. ಆಮೇಲೆ ನಾನೇ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿದೆ. ಗಾಡಿ ನಂಬರ್, ಚಾಸಿಯ ಕೊನೆಯ ಐದು ಅಂಕಿ, ಮೊಬೈಲಿಗೆ ಬರುವ ಒಟಿಪಿ. ಇಷ್ಟಿದ್ದರೆ ಶುರುಮಾಡಬಹುದು. ಹಳೇ ಗಾಡಿಗೆ ಮೊಬೈಲ್ ನಂಬರ್ ಜೋಡಣೆ ಆಗಿರುವುದಿಲ್ಲ, ಅದನ್ನು ಮೊದಲು ಮಾಡಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಗಾಡಿಯನ್ನು ಆರ್‌ಸಿಗೆ ಹೊಂದಿಸುವುದು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಸರಳ: ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ನಾಲ್ಕು ಬದಲಾವಣೆ ಇದ್ದರೆ 20,000 ಆಯಿತು.

ಆದ್ದರಿಂದ ಆರ್‌ಸಿಯನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಎಂಜಿನ್ ನಂಬರ್, ಇಂಧನ, ಸೀಟುಗಳ ಸಂಖ್ಯೆ, ಬಣ್ಣ, ಬಾಡಿಯ ಬಗೆ. ಯಾವುದು ಹೊಂದುವುದಿಲ್ಲವೋ ಬರೆದುಕೊಳ್ಳಿ.

ನಮ್ಮ ಜೀಪಿನಲ್ಲಿ ದೊಡ್ಡ ತೊಡಕಾದದ್ದು ಎಂಜಿನ್. ಎಂಎಂ 540ಗೆ ಕಂಪನಿಯಿಂದ ಬರುತ್ತಿದ್ದದ್ದು 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್. ಅದು ಗುಡ್ಡೆ ಹತ್ತುವಾಗ ಎಳೆಯುವುದಿಲ್ಲ ಎಂದು ಎಷ್ಟೋ ತೋಟದವರು ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಬ ಬೇರೆ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ನಮ್ಮದೂ ಹಾಗೇ ಆಗಿತ್ತು. ಆ ಡಿಐ ಎಂಜಿನ್ನಿಗೆ ಬಿಲ್ಲಿಲ್ಲ, ಯಾವ ಗಾಡಿಯದ್ದು ಎನ್ನಲು ಕಾಗದ ಇಲ್ಲ. ಎಂಜಿನ್ ಬದಲಾವಣೆಗೆ ಆರ್‌ಟಿಓದ ಅನುಮತಿ ಮೊದಲು ಬೇಕು, ಆಮೇಲೆ ಎಂಜಿನ್. ಕಾಗದವೇ ಇಲ್ಲದ ಎಂಜಿನ್ನಿಗೆ ಅನುಮತಿ ಕೇಳುವುದಾದರೂ ಹೇಗೆ? ಪುಣ್ಯಕ್ಕೆ ಮಾವನವರು ಹಳೇ ಎಂಜಿನ್ನನ್ನು ಗುಜರಿಗೆ ಹಾಕಿರಲಿಲ್ಲ. ಅಡಿಕೆ ಸಿಪ್ಪೆಯ ರಾಶಿಯ ಹಿಂದೆ, ಗೋಣಿ ಹೊದ್ದುಕೊಂಡು ಇತ್ತು. ಬೋರ್ ಮಾಡಿಸಿ, ಪಿಸ್ಟನ್ ಬದಲಾಯಿಸಿ ಅದನ್ನೇ ಕೂರಿಸಿದೆವು. ಈಗ ಜೀಪು ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತುತ್ತದೆ. ನನಗೆ ಅದು ಸಾಕು. ನೀವು ಹಳೇ ಜೀಪು ನೋಡಲು ಹೋದಾಗ ಹಳೇ ಎಂಜಿನ್ ಎಲ್ಲಿ ಎಂದು ತಪ್ಪದೆ ಕೇಳಿ.

ಹೊರಗಿನ ಸಾಮಾನುಗಳು ಸುಲಭ, ಬಿಚ್ಚಬಹುದು. ಕಬ್ಬಿಣದ ದೊಡ್ಡ ಬುಲ್ ಬಾರ್ ಬೇಡ, ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅವನ್ನು ತೆಗೆಸಿ ಎಂದು ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವರಿಗೆ, ಸ್ಕೂಟರಿನವರಿಗೆ ಅದರಿಂದ ನಿಜವಾಗಿ ಅಪಾಯ. ತಲೆಯ ಮೇಲಿನ ಎಲ್‌ಇಡಿ ಬಾರ್ ಎದುರಿನವರ ಕಣ್ಣು ಕುಕ್ಕುತ್ತದೆ. ಮಳೆಗಾಲದ ರಾತ್ರಿ ಪಡುಬಿದ್ರಿ ಕಡೆ ಹೆದ್ದಾರಿಯಲ್ಲಿ ಬೈಕಿನಲ್ಲಿ ಬಂದವರಿಗೆ ಅದರ ಕಷ್ಟ ಗೊತ್ತು. ಸೈಲೆನ್ಸರ್ ಕಂಪನಿಯದ್ದೇ ಇರಲಿ.

ಟೈರಿನ ವಿಷಯದಲ್ಲಿ ಜಗಳ ಜಾಸ್ತಿ. ಕಂಪನಿ ಹೇಳಿದ ಅಳತೆಯಲ್ಲೇ ಗ್ರಿಪ್ ಟೈರು ಸಿಗುತ್ತದೆ, ಅದನ್ನೇ ಹಾಕಿ. ಗಾರ್ಡಿನಿಂದ ಹೊರಗೆ ಚಾಚುವ ಅಗಲದ ಟೈರು ಚಂದ ಕಾಣಬಹುದು, ಆದರೆ ಸ್ಟೇರಿಂಗ್ ಭಾರ ಆಗುತ್ತದೆ, ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಅಪಘಾತ ಆದರೆ ವಿಮೆಯವರು ಮೊದಲು ಕೈತೋರಿಸುವುದೂ ಅಲ್ಲಿಗೇ. ಟ್ರ್ಯಾಕಿಗೆ ಹೋಗುವವರು ಬೇರೆ ರಿಮ್ಮಿನಲ್ಲಿ ದೊಡ್ಡ ಟೈರು ಇಟ್ಟುಕೊಂಡು, ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು.

ಐದನೇ ಹೆಜ್ಜೆ: ಗ್ಯಾರೇಜಿನ ಕೆಲಸ

ಈಗ ಬಂತು ಸ್ಪ್ಯಾನರಿನ ಕೆಲಸ. ಬ್ರೇಕಿನಿಂದ ಶುರುಮಾಡಿ. ವರ್ಷಗಟ್ಟಲೆ ನಿಂತ ಜೀಪಿನ ವೀಲ್ ಸಿಲಿಂಡರುಗಳು ಕಚ್ಚಿಕೊಂಡಿರುತ್ತವೆ, ಕಬ್ಬಿಣದ ಬ್ರೇಕ್ ಪೈಪು ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಹಳೆಯದನ್ನು ಉಳಿಸಲು ನೋಡಬೇಡಿ. ಮಾಸ್ಟರ್ ಸಿಲಿಂಡರ್, ಪೈಪು, ಹೋಸು, ಲೈನರ್ ಎಲ್ಲ ಹೊಸದು ಹಾಕಿ. ಹ್ಯಾಂಡ್‌ಬ್ರೇಕ್ ಏರಿನಲ್ಲಿ ನಿಲ್ಲಿಸಿ ನೋಡಿ, ಸಮತಟ್ಟಿನಲ್ಲಿ ಅದರ ನಿಜ ಗೊತ್ತಾಗುವುದಿಲ್ಲ. ಸ್ಟೇರಿಂಗಿನಲ್ಲಿ ಆಟ ಎಷ್ಟಿದೆ, ಕಿಂಗ್ ಪಿನ್, ಟೈ ರಾಡ್ ತುದಿಗಳು ಹೇಗಿವೆ ನೋಡಿಸಿ.

ಚಾಸಿಯ ತುಕ್ಕನ್ನು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಸದ್ದು ಟೊಳ್ಳಾಗಿ ಬಂದರೆ ಅಲ್ಲಿ ಕಬ್ಬಿಣ ಉಳಿದಿಲ್ಲ ಎಂದೇ ಅರ್ಥ. ಮೇಲೆ ಪುಟ್ಟಿ, ಬಣ್ಣ ಬಳಿದರೆ ಮುಗಿಯಿತು ಎಂದುಕೊಳ್ಳಬೇಡಿ.

ಲೈಟು, ಇಂಡಿಕೇಟರ್, ಬ್ರೇಕ್ ಲೈಟ್, ನಂಬರ್ ಪ್ಲೇಟಿನ ಲೈಟ್, ಹಿಂದೆ ಕೆಂಪು ರಿಫ್ಲೆಕ್ಟರ್, ಹಾರ್ನ್, ಕನ್ನಡಿ, ಸೀಟ್ ಬೆಲ್ಟ್, ಸ್ಪೀಡೋಮೀಟರ್, ಎಲ್ಲ ಕೆಲಸ ಮಾಡಬೇಕು. ವೈಪರ್‌ಗೆ ನಮ್ಮ ಊರಿನಲ್ಲಿ ವಿಶೇಷ ಗಮನ ಕೊಡಿ. ಜೀಪಿನ ಹಳೇ ವೈಪರ್ ಮೋಟಾರು ಆಟಿ ತಿಂಗಳ ಮಳೆಗೆ ಸಾಕಾಗುವುದಿಲ್ಲ. ಹುಡ್ ತಾರ್ಪಾಲಿನ ಹೊಲಿಗೆಯನ್ನೂ ನೋಡಿಸಿ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಗ್ಯಾರೇಜ್ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು, ಮಳೆ ಹಿಡಿದ ಮೇಲೆ ಬಣ್ಣವೂ ಒಣಗುವುದಿಲ್ಲ, ಟಿಂಕರಿಂಗಿನವರೂ ಸಿಗುವುದಿಲ್ಲ.

ಆಮೇಲೆ ಎಮಿಷನ್ ಟೆಸ್ಟ್. ಬಿಎಸ್ 4ಕ್ಕೆ ಹಿಂದಿನ ಡೀಸೆಲ್ ಗಾಡಿಯ ಹೊಗೆ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ) ಒಳಗೆ ಬರಬೇಕು. ನಿಂತು ನಿಂತು ಹಳತಾದ ಎಂಜಿನ್ ಮೊದಲ ಸಲ ಪಾಸಾಗುವುದು ಕಷ್ಟ. ಟ್ಯಾಂಕ್ ತೊಳೆದು ಹೊಸ ಡೀಸೆಲ್ ಹಾಕಿ. ಏರ್ ಫಿಲ್ಟರ್ ಬದಲಾಯಿಸಿ. ಇಂಜೆಕ್ಟರ್ ಬಿಚ್ಚಿ ಪಂಪಿನ ಅಂಗಡಿಯಲ್ಲಿ ಪ್ರೆಶರ್ ಮಾಡಿಸಿ, ಪಂಪಿನ ಟೈಮಿಂಗ್ ಹೊಂದಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಟೆಸ್ಟಿಗೆ ನಿಲ್ಲಿಸಿ.

ವಿಮೆ ಇಲ್ಲದೆ ಆರ್‌ಟಿಓ ಅರ್ಜಿ ಪೂರ್ತಿ ಆಗುವುದಿಲ್ಲ. ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಅದಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡದು ಯಾರಿಗಾದರೂ ಪೆಟ್ಟಾದರೆ ಬರುವ ಹೊರೆ. ಅದಕ್ಕೆ ಮನೆ, ತೋಟ ಮಾರಬೇಕಾದೀತು.

ಆರ್‌ಟಿಓಗೆ ಹೋಗುವ ದಿನ

ನೋಂದಣಿಯ ಅವಧಿ ಮುಗಿದ ಗಾಡಿಯನ್ನು ಓಡಿಸಿಕೊಂಡು ಆರ್‌ಟಿಓಗೆ ಹೋಗಬೇಡಿ. ಕಾನೂನಿನ ಕಣ್ಣಿನಲ್ಲಿ ಅದು ನೋಂದಣಿಯೇ ಇಲ್ಲದ ಗಾಡಿ. 192ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೇ 5,000 ರೂಪಾಯಿವರೆಗೆ ದಂಡ. ಬೆಳ್ತಂಗಡಿಯಿಂದ ನಾವು ರಿಕವರಿ ಗಾಡಿಯ ಮೇಲೆ ಹೇರಿಕೊಂಡೇ ಬಂದೆವು. ದುಡ್ಡು ಹೋಯಿತು, ಆದರೆ ಮನಸ್ಸು ನಿರಾಳ ಇತ್ತು.

ನವೀಕರಣದ ಅರ್ಜಿಯಾದ ಫಾರ್ಮ್ 25, ಮೂಲ ಆರ್‌ಸಿ, ವಿಮೆ, ಎಮಿಷನ್ ಪತ್ರ, ತೆರಿಗೆ ರಸೀದಿ, ಪೆನ್ಸಿಲ್ ಪ್ರಿಂಟ್, ಆಧಾರ್, ಪ್ಯಾನ್, ಶುಲ್ಕದ ರಸೀದಿ, ಎಲ್ಲ ಒಂದೇ ಫೈಲಿನಲ್ಲಿ ಇರಲಿ. ನಮ್ಮಲ್ಲಿ ಎಲ್ಲರೂ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಗಾಡಿ ತೊಳೆದಿರಲಿ, ಚಾಸಿ ನಂಬರಿನ ಜಾಗ ಒರೆಸಿ ಕಾಣುವ ಹಾಗಿರಲಿ, ಬಾನೆಟ್ ಸುಲಭವಾಗಿ ತೆರೆಯಲಿ. ನಮ್ಮ ಜೀಪು ನೋಡಿದವರು ಬಗ್ಗಿ ಎಂಜಿನ್ ನಂಬರ್ ಓದಿ, "ಎಂಜಿನ್ ಕಂಪನಿದೇ ಉಂಟಲ್ಲ!" ಎಂದು ಆಶ್ಚರ್ಯಪಟ್ಟರು. ಏನಾದರೂ ಕೊರತೆ ಹೇಳಿದರೆ ವಾದ ಮಾಡದೆ ಬರೆದುಕೊಳ್ಳಿ, ಸರಿಮಾಡಿಸಿ ಮತ್ತೆ ಒಯ್ಯಿರಿ.

ಕೆಲವು ಬೇರೆ ಬಗೆಯ ಗಾಡಿಗಳು

ಹಳದಿ ಬೋರ್ಡಿನ ಜೀಪು: ನಮ್ಮ ಘಟ್ಟದ ಬುಡದ ಊರುಗಳಲ್ಲಿ ಬಾಡಿಗೆಗೆ ಓಡಿದ ಜೀಪುಗಳು ಬೇಕಾದಷ್ಟಿವೆ. ಅವನ್ನು ಖಾಸಗಿ ಮಾಡಬೇಕಾದರೆ ಪರ್ಮಿಟ್ ಒಪ್ಪಿಸಿ, ಬಾಕಿ ತೆರಿಗೆ ಕಟ್ಟಿ, ವರ್ಗ ಬದಲಾವಣೆಯ ಅನುಮತಿ ತೆಗೆದುಕೊಳ್ಳಬೇಕು. ಬಾಕಿ ತೆರಿಗೆ ಎಷ್ಟು ಎಂದು ಕೇಳದೆ ಇಂಥದ್ದನ್ನು ಮುಟ್ಟಬೇಡಿ.

ಕೇರಳದ ಗಾಡಿ: ತಲಪಾಡಿ ದಾಟಿದರೆ ಕೆಎಲ್ 14. ಕಾಸರಗೋಡಿನ ರಬ್ಬರ್ ತೋಟಗಳಲ್ಲಿ ಒಳ್ಳೆಯ ಜೀಪುಗಳು ಸಿಗುತ್ತವೆ. ಅಲ್ಲಿನ ಕಚೇರಿಯಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ, ಇಲ್ಲಿ ಫಾರ್ಮ್ 27ರಲ್ಲಿ ಹೊಸ ನಂಬರ್, ಜೊತೆಗೆ ಕರ್ನಾಟಕದ ತೆರಿಗೆ. ಅವಧಿ ಮುಗಿದಿದ್ದರೆ ಅಲ್ಲೇ ನವೀಕರಿಸಿಕೊಡಿ ಎಂದು ಮಾರುವವರಿಗೆ ಹೇಳಿ, ಆಮೇಲೆ ತನ್ನಿ.

50 ವರ್ಷ ದಾಟಿದ ವಿಲ್ಲೀಸ್‌ನಂಥದ್ದು: ಮೂಲ ರೂಪದಲ್ಲೇ ಇದ್ದರೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅದರಲ್ಲಿ ದಿನಾ ಓಡಾಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಮನೆ ಬಳಕೆಗೆ ಬೇಕೆಂದರೆ ಸಾಮಾನ್ಯ ನವೀಕರಣವೇ ದಾರಿ.

ಇನ್ನೊಂದು ಮಾತು, ಯಾಕೆಂದರೆ ಇದರಲ್ಲಿ ಹುಡುಗರು ಸಿಕ್ಕಿಬೀಳುವುದನ್ನು ನೋಡಿದ್ದೇನೆ. ಆರ್‌ಸಿ ಬಂತು ಎಂದರೆ ಸಾರ್ವಜನಿಕ ರಸ್ತೆಗೆ ಮಾತ್ರ ಒಪ್ಪಿಗೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ಮೀಸಲು ಅರಣ್ಯದ ಹಳೇ ಕೂಪು ರಸ್ತೆಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗಾಡಿ ಇಳಿಸಿದರೆ ಗಾಡಿಯೇ ಜಪ್ತಿ ಆಗಬಹುದು. ಮಣ್ಣಿನಲ್ಲಿ ಓಡಿಸುವ ಆಸೆಗೆ ಖಾಸಗಿ ಜಾಗ, ಮಾಲೀಕರ ಒಪ್ಪಿಗೆ.

ಹೊಸ ಆರ್‌ಸಿಯ ಸ್ಮಾರ್ಟ್ ಕಾರ್ಡ್ ಮನೆಗೆ ಅಂಚೆಯಲ್ಲಿ ಬರುತ್ತದೆ. ಬಂದ ದಿನವೇ ಕಾರ್ಡು ಹಿಡಿದುಕೊಂಡು ಗಾಡಿಯ ಹತ್ತಿರ ಹೋಗಿ. ಚಾಸಿ ನಂಬರ್, ಎಂಜಿನ್ ನಂಬರ್, ಇಂಧನ, ಸೀಟು, ಬಣ್ಣ, ಅವಧಿ ಮುಗಿಯುವ ದಿನ, ನಿಮ್ಮ ಹೆಸರಿನ ಕಾಗುಣಿತ, ಎಲ್ಲ ಓದಿ ನೋಡಿ. ನಮ್ಮ ಕಾರ್ಡಿನಲ್ಲಿ ಚಾಸಿಯ ಒಂದು 8, 3 ಆಗಿತ್ತು. ತೆಗೆದಿಟ್ಟಿದ್ದ ಪೆನ್ಸಿಲ್ ಪ್ರಿಂಟ್ ಒಂದನ್ನು ಜೋಡಿಸಿ ಮರುವಾರವೇ ತಿದ್ದುಪಡಿಗೆ ಕೊಟ್ಟೆ.